ದೊರೆ ಸಾಯುವ ದೃಶ್ಯ

ಜನವರಿ ೯

ದೊರೆ ನನ್ನ ಕೈಗೆ ಬಂದ! ಬೀದಿಗೆ ಓಡಿಹೋಗಿ ಕೂಗಬೇಕೆನಿಸುತ್ತಿದೆ. ಕೂಗಿದರೆ ಎದುರುಮನೆಯ ದರ್ಜಿ ಕಿಟಕಿ ಹಾಕಿಕೊಳ್ಳುತ್ತಾನೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮದುವೆಯಾಗಿ ಈ ಮನೆಗೆ ಬಂದೆ ಎನ್ನುವುದಕ್ಕಿಂತ ಈ ಕೈಗೊಂಬೆ ಕಂಪನಿಗೆ ಬಂದೆ ಎನ್ನುವುದೇ ಸರಿ. ಕಂಪನಿ ಎಂದರೆ ನಾವು ಮೂವರೇ. ಅತ್ತೆ ಗೊಂಬೆ ಮಾಡುತ್ತಾರೆ, ಎಲ್ಲ ಗೊಂಬೆಗಳಿಗೂ ದನಿ ಕೊಡುತ್ತಾರೆ, ನಮ್ಮನ್ನೆಲ್ಲ ಬೈಯುತ್ತಾರೆ. ನಮ್ಮನೆಯವರು ದೀಪ, ಸಂಗೀತ, ವ್ಯಾನು ನೋಡಿಕೊಳ್ಳುತ್ತಾರೆ. ನಾನು ಕಪ್ಪು ಬಟ್ಟೆಯ ಗೂಡಿನೊಳಗೆ ನಿಂತು ಕೈ ಮೇಲೆತ್ತುತ್ತೇನೆ. ಇಷ್ಟು ವರ್ಷ ನನ್ನ ಕೈಗೆ ಸಿಕ್ಕಿದ್ದು ಕಾವಲುಗಾರ, ಅಡುಗೆಯವಳು, ನಾಯಿ. ಒಂದು ಸಲವಂತೂ ಕುದುರೆಯ ಹಿಂಭಾಗ! ದೊರೆಯನ್ನು ಮಾತ್ರ ಅತ್ತೆ ಯಾರಿಗೂ ಮುಟ್ಟಲು ಕೊಟ್ಟವರಲ್ಲ. ಕಿರೀಟ ಬಿಡಲೊಪ್ಪದ ಆ ಮುದುಕ ದೊರೆಯ ಆಟವೇ ನಮ್ಮ ಅನ್ನ. ಕೊನೆಯಲ್ಲಿ ಅವನು ಸಿಂಹಾಸನದ ಮೇಲೆ ಸಾಯುವ ದೃಶ್ಯಕ್ಕೆಂದೇ ಜನ ಬರುತ್ತಾರೆ.

ಈಗ ಅತ್ತೆಯ ಭುಜ ಮೇಲೇಳುವುದಿಲ್ಲ. ಇವತ್ತು ಊಟದ ಮೇಜಿನ ಮೇಲೆ ದೊರೆಯನ್ನು ಧೊಪ್ಪೆಂದು ನನ್ನ ಮುಂದಿಟ್ಟು, "ತಗೋ. ದನಿ ನಂದು, ಕೈ ನಿಂದು. ಕೆಡಿಸಿದ್ರೆ ನೋಡು" ಎಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ! ನನ್ನ ಕಾಲ ಬಂತು!

ಅಂದಹಾಗೆ ನನಗೀಗ ಐದನೇ ತಿಂಗಳು. ವಾಂತಿ ಕಡಿಮೆಯಾಗಿದೆ, ಹಾಲಿನ ವಾಸನೆ ಮಾತ್ರ ಇನ್ನೂ ಆಗದು. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳು ಡ್ರಾಯರಿನಲ್ಲಿವೆ. ಕೆಂಪು ಮಾತ್ರೆ ರಕ್ತಕ್ಕೆ, ಬಿಳಿಯದು ಎಲುಬಿಗೆ. ಬಿಳಿಯದು ಸೀಮೆಸುಣ್ಣದ ತುಂಡಿನಷ್ಟಿದೆ, ಅದನ್ನು ನುಂಗುವುದು ಮನುಷ್ಯರ ಕೆಲಸವಲ್ಲ. ಒಳಗಿರುವ ಬಾಡಿಗೆದಾರರು ಸದ್ದುಗದ್ದಲವಿಲ್ಲದೆ ಇದ್ದಾರೆ, ನನಗೂ ಅಷ್ಟೇ ಬೇಕು.

ಜನವರಿ ೧೫

ಸಾಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ತೋರುಬೆರಳು ದೊರೆಯ ತಲೆಗೆ, ಹೆಬ್ಬೆರಳು ಅವನ ಒಂದು ಕೈಗೆ, ನಡುಬೆರಳು ಇನ್ನೊಂದು ಕೈಗೆ. ಇಷ್ಟರಲ್ಲೇ ಅವನು ಸಿಟ್ಟಾಗಬೇಕು, ನಡುಗಬೇಕು, ಪ್ರಾಣ ಬಿಡಬೇಕು. ಸಂಜೆಯವರೆಗೂ ಸತ್ತೆ, ಒಂದೂ ಸರಿಬರಲಿಲ್ಲ.

"ನಿನ್ನ ದೊರೆ ಸಾಯ್ತಿಲ್ಲ ಕಣೇ, ಬಸ್ಸಲ್ಲಿ ತೂಕಡಿಸ್ತಿದ್ದಾನೆ," ಎಂದರು ಅತ್ತೆ.

"ನಿಲುವಂಗಿ ಜಾರುತ್ತೆ ಅತ್ತೆ, ಅದಕ್ಕೇ."

"ಹೌದೌದು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಬೈದರೂ ಸೂಜಿದಾರ ತಂದು, ದೊರೆಯ ನಿಲುವಂಗಿ ನನ್ನ ಮೊಣಕೈ ಮೇಲೆ ಕಚ್ಚಿ ನಿಲ್ಲುವಂತೆ ಇಲಾಸ್ಟಿಕ್ ಹೊಲಿದುಕೊಟ್ಟರು. ಬಿಗಿ ಎಂದರೆ ಬಿಗಿ, ತೋಳಿನ ಮೇಲೆ ಬರೆ ಎಳೆದ ಹಾಗೆ ಗೆರೆ ಬೀಳುತ್ತದೆ. ಸಾಯುವಾಗಿನ ಏದುಸಿರನ್ನೂ ನನಗೇ ವಹಿಸಿದರು, ಅವರಿಗೆ ಕೆಮ್ಮು ಬರುತ್ತದಂತೆ. ನಾವು ಅಭ್ಯಾಸ ಮಾಡುವುದು ಕುರ್ಚಿ-ಮೇಜಿನ ಅಂಗಡಿಯೊಂದರ ನೆಲಮಾಳಿಗೆಯಲ್ಲಿ. ಬೆಳಿಗ್ಗೆ ಇಳಿದರೆ ಸೂರ್ಯ ಮುಳುಗಿದ ಮೇಲೇ ಹತ್ತುವುದು. ನನಗೇನೂ ಬೇಸರವಿಲ್ಲ.

ಜನವರಿ ೨೬

ಬೆಳಗಿನ ಜಾವ ಮೀನಖಂಡ ಹಿಡಿದುಕೊಂಡು ಕಿಟಾರನೆ ಕಿರುಚಿದೆ. ನಮ್ಮನೆಯವರು ಕಳ್ಳ ಬಂದನೆಂದು ಟಾರ್ಚ್ ಹಿಡಿದು ಎದ್ದು ನಿಂತರು. ಆಮೇಲೆ ಕಾಲು ತಿಕ್ಕಿದರು, ಪಾಪ. ಎರಡು ದಿನದಿಂದ ತುಟಿಯ ಸುತ್ತ ಇರುವೆ ಹರಿದ ಹಾಗೆ ಜುಮುಜುಮು ಎನ್ನುತ್ತದೆ, ಬೆರಳ ತುದಿಗಳೂ ಅಷ್ಟೇ. ಇಡೀ ದಿನ ಕೈ ಎತ್ತಿ ನಿಂತರೆ ಇನ್ನೇನಾಗುತ್ತದೆ?

"ಮಾತ್ರೆ ತಗೋತಿದ್ದೀಯ ತಾನೇ?" ಎಂದು ಕೇಳಿದರು. "ಹೂಂ" ಎಂದೆ. ನಾಳೆಯಿಂದ ಹೇಗೂ ಶುರು ಮಾಡುವವಳೇ.

ಫೆಬ್ರವರಿ ೨

ಬರೆಯದೆ ಇರಲಾರೆ! ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ!

ಇವತ್ತು ಗ್ರಂಥಾಲಯದ ಸಭಾಂಗಣದಲ್ಲಿ ಆಟವಿತ್ತು. ದೊರೆಯ ಕೊನೆಯ ಮಾತು ಮುಗಿಯಿತು, ನಾನು ಏದುಸಿರು ಶುರು ಮಾಡಿದೆ. ಜೋರಾಗಿ, ಇನ್ನೂ ಜೋರಾಗಿ. ಇದ್ದಕ್ಕಿದ್ದಂತೆ ಬೆರಳುಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಮಣಿಕಟ್ಟು ತಾನಾಗಿ ಬಾಗಿತು. ಬೆರಳುಗಳು ಸೆಟೆದು ಒಂದಕ್ಕೊಂದು ಅಂಟಿಕೊಂಡವು, ಹೆಬ್ಬೆರಳು ಅಂಗೈಗೆ ಒತ್ತಿಕೊಂಡಿತು. ಮೇಲೆ ದೊರೆ ಏನು ಮಾಡುತ್ತಿದ್ದ ಅಂತೀರಿ? ಎರಡೂ ಕೈ ಎದೆಗೊತ್ತಿಕೊಂಡು, ಅದುರುತ್ತಾ, ತಲೆಯನ್ನು ಇಷ್ಟಿಷ್ಟೇ ತಗ್ಗಿಸುತ್ತಾ ಬಾಗಿಹೋದ. ಸಭಾಂಗಣದಲ್ಲಿ ಪಿಟಿಕ್ಕೆನ್ನುವ ಸದ್ದಿಲ್ಲ. ಆಮೇಲೆ ಚಪ್ಪಾಳೆ! ನಿಂತೇ ಇಲ್ಲ, ನಿಂತೇ ಇಲ್ಲ!

ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಅತ್ತೆ! ಈರುಳ್ಳಿ ಹೆಚ್ಚುವಾಗಲೂ ಕಣ್ಣೀರು ಹಾಕದವರು!

"ಎಲ್ಲಿ ಕಲಿತ್ಯೇ ಇದನ್ನ?"

"ಹಾಗೇ ಬಂತು ಅತ್ತೆ."

ಹಾಗೇ ಬಂದದ್ದು ನಿಜ. ಗೂಡಿನಿಂದ ಹೊರಬಂದ ಮೇಲೂ ಬೆರಳು ಬಿಡಿಸಲಾಗಲಿಲ್ಲ. ನಮ್ಮನೆಯವರೇ ದೊರೆಯನ್ನು ನನ್ನ ಕೈಯಿಂದ ಕಳಚಬೇಕಾಯಿತು. ನೋವೋ, ಪ್ರಾಣ ಹೋಗುವಷ್ಟು. ಇರಲಿ! ಪಾತ್ರ ಮೈಮೇಲೆ ಬರುವುದು ಎಂದರೆ ಇದೇ ಇರಬೇಕು.

ಫೆಬ್ರವರಿ ೭

ಮತ್ತೆ ಬಂತು! ಏದುಸಿರು ಬಿಟ್ಟರೆ ಸಾಕು, ಕರೆದ ಹಾಗೆ ಬರುತ್ತದೆ. ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತು ಟೋಪಿ ತೆಗೆದರಂತೆ. ಅತ್ತೆ ಈಗ ನನಗೆ ಟೀ ಮಾಡಿಕೊಡುತ್ತಾರೆ. ಸಕ್ಕರೆ ಎಷ್ಟು ಎಂದು ಬೇರೆ ಕೇಳುತ್ತಾರೆ!

ಫೆಬ್ರವರಿ ೧೪

ದೊಡ್ಡ ರಂಗಮಂದಿರದ ಮ್ಯಾನೇಜರು ನಮ್ಮ ನೆಲಮಾಳಿಗೆಗೆ ಬಂದಿದ್ದರು. ಆ ಮೀಸೆಯ ಮೇಲೆ ಎರಡು ಗುಬ್ಬಿ ಕೂರಬಹುದು, ಅದಕ್ಕೇ ನಾವು ಮೂವರೂ ಅವರಿಗೆ ಮೀಸೆ ಎಂದೇ ಹೆಸರಿಟ್ಟೆವು. ಮಾರ್ಚ್ ಇಪ್ಪತ್ತೆರಡರ ಸಂಜೆ ಅವರ ವೇದಿಕೆ ನಮ್ಮದು! ಅತ್ತೆಯ ಆಯುಷ್ಯದಲ್ಲೇ ಆ ವೇದಿಕೆ ಸಿಕ್ಕಿರಲಿಲ್ಲ. ಅಲ್ಲಿ ಆಟ ಗೆದ್ದರೆ ವರ್ಷವಿಡೀ ಆಡಲು ಕರೆಯುತ್ತಾರೆ, ನೆಲಮಾಳಿಗೆಯಿಂದ ಮೇಲೆ ಬರುತ್ತೇವೆ.

"ಆದ್ರೆ ಆ ಸಾವು ಹಾಗೇ ಇರ್ಬೇಕು ನೋಡಿ," ಎಂದು ಮೀಸೆ ಬೆರಳೆತ್ತಿದರು. "ಜನ ಬರೋದೇ ಅದಕ್ಕೆ."

"ಇರುತ್ತೆ," ಎಂದರು ಅತ್ತೆ, ನನ್ನ ಹೆಗಲ ಮೇಲೆ ಕೈಯಿಟ್ಟು. "ನನ್ನ ಸೊಸೆ ಕೈ ಅದು."

ನನ್ನ ಸೊಸೆ ಕೈ! ಇಷ್ಟು ವರ್ಷ 'ಇವನ ಹೆಂಡತಿ' ಎನ್ನುತ್ತಿದ್ದವರು!

ಫೆಬ್ರವರಿ ೧೯

ಮೂರು ದಿನದ ಹಿಂದೆ ಆಸ್ಪತ್ರೆಯ ನರ್ಸ್ ಫೋನ್ ಮಾಡಿ, ತಪಾಸಣೆಗೆ ಯಾಕೆ ಬಂದಿಲ್ಲ ಎಂದು ನಮ್ಮನೆಯವರಿಗೆ ಚೆನ್ನಾಗಿ ಮಂಗಳಾರತಿ ಎತ್ತಿದ್ದಾಳೆ. ಅವರು ಬಂದು ಡ್ರಾಯರು ತೆಗೆದರು. ಮಾತ್ರೆಯ ಪಟ್ಟಿಗಳೆಲ್ಲ ತುಂಬಿದ ಹಾಗೇ ಇವೆ! ಕೂಗಾಡಲಿಲ್ಲ, ಅವರ ಸ್ವಭಾವ ಅದಲ್ಲ. ಅಂದಿನಿಂದ ದಿನಾ ಎದುರಿಗೆ ನಿಂತು, ಬಿಳಿ ಮಾತ್ರೆ ಒಂದು ಹೊತ್ತು, ಕೆಂಪು ಮಾತ್ರೆ ಇನ್ನೊಂದು ಹೊತ್ತು ನುಂಗಿಸುತ್ತಿದ್ದಾರೆ. ಎರಡನ್ನೂ ಒಟ್ಟಿಗೆ ನುಂಗಬಾರದಂತೆ, ಟೀ ಜೊತೆಗಂತೂ ಕೂಡದಂತೆ. ಹಾಲು ಆಗದಿದ್ದರೆ ಮೊಸರು ತಿನ್ನು ಎಂದು ಬಟ್ಟಲು ಹಿಡಿದು ಹಿಂದೆ ಹಿಂದೆ ಬರುತ್ತಾರೆ. ಹಸುವನ್ನು ಸಾಕಿದ ಹಾಗೆ ಸಾಕುತ್ತಿದ್ದಾರೆ.

ಮಾರ್ಚ್ ೧

ಹಾಳಾಯಿತು. ಎಲ್ಲ ಹಾಳಾಯಿತು.

ಈ ವಾರ ಒಂದು ಸಲವೂ ಅದು ಬಂದಿಲ್ಲ. ಏದುಸಿರು ಬಿಟ್ಟೆ, ಕಣ್ಣು ಕತ್ತಲೆ ಬರುವಷ್ಟು ಬಿಟ್ಟೆ. ಬೆರಳುಗಳು ಒಳ್ಳೆಯ ಮಕ್ಕಳ ಹಾಗೆ ಹೇಳಿದ್ದು ಕೇಳುತ್ತಾ ಕುಳಿತಿವೆ! ಸುಮ್ಮನೆ ಹಾಗೆ ಮಾಡಿ ತೋರಿಸೋಣ ಎಂದರೆ ಆ ಅದುರು ಬರುವುದಿಲ್ಲ.

"ಮತ್ತೆ ಬಸ್ ಹತ್ತಿದ ನೋಡು," ಎಂದರು ಅತ್ತೆ. ಮುಖ ಸಪ್ಪಗಾಗಿತ್ತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಾಲು ಹಿಡಿದುಕೊಳ್ಳುವುದೂ ನಿಂತಿದೆ, ತುಟಿಯ ಜುಮುಜುಮು ಕೂಡ ಇಲ್ಲ. ಎಲ್ಲ ನಿಂತದ್ದು ಯಾವಾಗಿನಿಂದ? ಮಾತ್ರೆ ಶುರುವಾದಾಗಿನಿಂದ.

ಓಹೋ.

ಮಾರ್ಚ್ ೬

ದೊರೆಯ ಕಿರೀಟ ಟೊಳ್ಳು. ಕಳಚಿ ತೆಗೆಯಬಹುದು, ಒಳಗೆ ಹತ್ತಿ ತುರುಕಿದೆ. ಇವರು ಸಂಜೆಯ ಸುತ್ತಿನ ಅಭ್ಯಾಸಕ್ಕೆ ಮುಂಚೆ ಬಿಳಿ ಮಾತ್ರೆ ಕೊಡುತ್ತಾರೆ. ನಾನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಗೂಡಿನೊಳಗೆ ಹೋಗಿ ನಾಲಿಗೆಯಡಿಯಿಂದ ತೆಗೆದು ಕಿರೀಟದೊಳಗೆ ಸೇರಿಸುತ್ತೇನೆ. ಮೊಸರಿನ ಬಟ್ಟಲು ಅಂಗಡಿಯ ಬೆಕ್ಕಿನ ಪಾಲು. ಇದೇನು ಮಹಾ ಪಾಪವಲ್ಲ. ಇಪ್ಪತ್ತೆರಡು ಮುಗಿಯಲಿ, ಆಮೇಲೆ ಎರಡೆರಡು ನುಂಗಿದರಾಯಿತು. ಅಲ್ಲಿಯವರೆಗೆ ಬಾಡಿಗೆದಾರರು ಸುಧಾರಿಸಿಕೊಳ್ಳಲಿ.

ಮಾರ್ಚ್ ೧೦

ಬಂತು! ಬಂತು! ಮೊದಲಿಗಿಂತ ಜೋರಾಗಿ ಬಂತು! ಅತ್ತೆ ಚಪ್ಪಾಳೆ ಹೊಡೆದು, ನನ್ನ ಕೆನ್ನೆ ಹಿಡಿದು ಹಣೆಗೆ ಮುತ್ತಿಟ್ಟರು. ಎರಡೂ ಕೈ ಸೆಟೆದುಕೊಂಡಿದ್ದವು, ಕಾಲಿನ ಬೆರಳುಗಳು ಕೂಡ. ಟೀ ಲೋಟ ಕೈಜಾರಿ ಚೂರಾಯಿತು. ಗಂಟಲಲ್ಲಿ ಏನೋ ಕಟ್ಟಿಕೊಂಡ ಹಾಗಾಗಿ ದನಿ ಬರದೆ ಸ್ವಲ್ಪ ಹೊತ್ತು ಹೆದರಿದ್ದೆ, ಆಮೇಲೆ ಸರಿಹೋಯಿತು.

ಇನ್ನೊಂದು. ದೊರೆ ಸಾಯುತ್ತಿರುವಾಗಲೇ ಒಳಗಿನಿಂದ ಒಂದು ಒದೆ ಬಿತ್ತು. ಒಂದೇ ಒಂದು, ಪಕ್ಕೆಗೆ. ಇಷ್ಟು ದಿನ ಸಣ್ಣಗೆ ಮೀನು ಹೊರಳಿದಂತಿತ್ತು. ಇದು ಬಾಗಿಲು ಬಡಿದ ಹಾಗೆ. ಚಪ್ಪಾಳೆ ಕೇಳಿ ಎದ್ದರೋ ಏನೋ.

ಮಾರ್ಚ್ ೧೩, ಆಸ್ಪತ್ರೆ

ಎಡಗೈಯಲ್ಲಿ ಸೂಜಿ ಇದೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನಂಬಲಾಗುವುದಿಲ್ಲ.

ಇವತ್ತು ನಮ್ಮನೆಯವರು ಹಟ ಹಿಡಿದು ತಪಾಸಣೆಗೆ ಕರೆತಂದರು. ಅತ್ತೆಯೂ ಬಂದಿದ್ದರು. ನರ್ಸ್ ನನ್ನ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಪಟ್ಟಿ ಬಿಗಿಯಾಗಿ ಹಾಗೇ ನಿಂತಿತ್ತು, ಬಾಗಿಲಲ್ಲಿ ಯಾರೋ ಏನೋ ಕೇಳಿದರು, ಅವಳು ಉತ್ತರ ಕೊಡುತ್ತಾ ನಿಂತಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಕೈ ಬಾಗಿತು. ಬೆರಳುಗಳು ಸೆಟೆದು ಕೂಡಿಕೊಂಡವು, ಹೆಬ್ಬೆರಳು ಅಂಗೈಗೆ ಒತ್ತಿತು. ಗೊಂಬೆಯಿಲ್ಲ, ಪರದೆಯಿಲ್ಲ, ದೀಪವಿಲ್ಲ. ಬರಿಗೈಯಲ್ಲಿ ದೊರೆ ಸಾಯುತ್ತಿದ್ದ!

"ಅಯ್ಯೋ, ಇದು ನಮ್ಮ ಆಟದ್ದು!" ಎಂದರು ಅತ್ತೆ. ಹೆಮ್ಮೆಯಿಂದಲೇ ಎಂದರು, ಪಾಪ.

ಡಾಕ್ಟರಮ್ಮ ಎದ್ದು ಬಂದು ಪಟ್ಟಿ ಬಿಚ್ಚಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದು ಆಟ ಅಲ್ಲಮ್ಮ. ಎಷ್ಟು ದಿನದಿಂದ ಹೀಗಾಗ್ತಿದೆ?"

ರಕ್ತ ತೆಗೆದರು. ಕ್ಯಾಲ್ಸಿಯಂ ಪಾತಾಳಕ್ಕಿಳಿದಿದೆಯಂತೆ. ಬಿಸಿಲು ಕಾಣದ ಮೈಗೆ ತಿಂದ ಕ್ಯಾಲ್ಸಿಯಂ ಕೂಡ ಸರಿಯಾಗಿ ಹತ್ತುವುದಿಲ್ಲವಂತೆ. ನಾನು ಏದುಸಿರಿನ ವಿಷಯ, ಇಲಾಸ್ಟಿಕ್ಕಿನ ವಿಷಯ ಹೇಳಿದಾಗ ಅವರು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ತೋಳು ಬಿಗಿದು, ಏದುಸಿರು ಬಿಟ್ಟು, ನೀವೇ ಅದನ್ನ ಕೈಬೀಸಿ ಕರೆದಿದ್ದೀರಿ. ಒಳಗೆ ಮಗುಗೆ ಎಲುಬು ಕಟ್ಟೋಕೆ ಕ್ಯಾಲ್ಸಿಯಂ ಬೇಕು. ನೀವು ತಿಂದ್ರೆ ಅದ್ರಲ್ಲಿ ತಗೊಳ್ಳುತ್ತೆ. ತಿನ್ನದಿದ್ರೆ ನಿಮ್ಮ ಎಲುಬಿಂದ ಎಳ್ಕೊಳ್ಳುತ್ತೆ. ನಿಮ್ಮಲ್ಲೂ ಇಲ್ದೆ ಹೋದ್ರೆ ಅದಕ್ಕೂ ಕೊರತೆ. ಹೀಗೇ ಬಿಟ್ಟಿದ್ರೆ ಫಿಟ್ಸ್ ಬರ್ತಿತ್ತು. ಗಂಟಲು ಹಿಡ್ಕೊಂಡಿದ್ರೆ ಉಸಿರೇ ನಿಲ್ತಿತ್ತು."

ಗಂಟಲು ಎಂದ ಕೂಡಲೇ ಮೊನ್ನೆ ದನಿ ಬರದೆ ಹೋದದ್ದು ನೆನಪಾಯಿತು.

"ಮಾತ್ರೆ ತಗೋತಿದ್ರಾ?"

"ನಾನೇ ಕೈಯಾರೆ ಕೊಟ್ಟಿದ್ದೀನಿ ಡಾಕ್ಟ್ರೇ," ಎಂದರು ನಮ್ಮನೆಯವರು.

ಡ್ರಿಪ್ ಏರಿಸಿದರು. ಮೈಯೊಳಗೆ ಬೆಚ್ಚನೆಯದು ಏನೋ ಹರಿಯಿತು. ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ಮಗುವಿನ ಎದೆಬಡಿತ ಕೇಳಿಸಿದರು. ಟಪಟಪಟಪ ಎಂದು ಎಷ್ಟು ಅವಸರ ಅದಕ್ಕೆ! ಇನ್ನೊಮ್ಮೆ ಕೇಳಿಸಿ ಎಂದೆ. ನರ್ಸ್ ಕೇಳಿಸಿದಳು. ಇನ್ನೊಮ್ಮೆ ಎಂದೆ.

ಮಾರ್ಚ್ ೧೪

ಇಪ್ಪತ್ತೆರಡರ ಆಟಕ್ಕೆ ಕಿರೀಟಕ್ಕೆ ಹೊಸ ಬಣ್ಣದ ಕಾಗದ ಅಂಟಿಸಬೇಕೆಂದು ಅತ್ತೆ ಇವತ್ತು ಅದನ್ನು ಕಳಚಿದ್ದಾರೆ.

ಮಧ್ಯಾಹ್ನ ಬಂದು ಮಂಚದ ಪಕ್ಕ ಕುಳಿತರು. ಸೆರಗಿನ ಗಂಟು ಬಿಚ್ಚಿ ನನ್ನ ಹೊದಿಕೆಯ ಮೇಲೆ ಸುರಿದರು. ಒದ್ದೆಯಾಗಿ ಒಣಗಿ, ಹತ್ತಿ ಅಂಟಿಕೊಂಡ ಬಿಳಿ ಮಾತ್ರೆಗಳು. ಭೂಮಿ ಬಾಯಿಬಿಡಬಾರದೇ ಎನಿಸಿತು. ಬೈಯಲಿ, ಹೊಡೆಯಲಿ, ದೊರೆಯನ್ನು ಕಿತ್ತುಕೊಳ್ಳಲಿ ಎಂದು ಕಾದೆ.

"ಇವನಿಗೆ ಹೇಳಿಲ್ಲ," ಎಂದರು.

"ತಪ್ಪಾಯ್ತು ಅತ್ತೆ. ನೀವು ಅಷ್ಟು ಖುಷಿಯಾಗಿದ್ರಿ. ಮಾತ್ರೆ ತಗೊಂಡ್ರೆ ಅದು ಬರ್ತಿರ್ಲಿಲ್ಲ."

ಅತ್ತೆ ಆ ಮಾತ್ರೆಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಂಡರು.

"ಜೀವಮಾನವೆಲ್ಲ ಕೈಗಳನ್ನ ನೋಡ್ಕೊಂಡೇ ಬದುಕಿದೋಳು ನಾನು," ಎಂದರು ಕೊನೆಗೆ. "ಮನೆ ಹುಡುಗಿ ಕೈ ನೋವಲ್ಲಿ ಸೆಟೆದು ನಿಂತಿದೆ, ನಾನು ಚಪ್ಪಾಳೆ ಹೊಡೀತಾ ಇದ್ದೆ. ಮುತ್ತು ಬೇರೆ ಕೊಟ್ಟೆ. ಥೂ!"

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಹೊರಟು ಬಾಗಿಲಲ್ಲಿ ನಿಂತು, "ಆಟ ಬೇಡ ಅಂತ ಮೀಸೆಗೆ ಹೇಳ್ತೀನಿ" ಎಂದರು.

ಮಾರ್ಚ್ ೧೮

ಮನೆಗೆ ಬಂದು ಎರಡು ದಿನವಾಯಿತು. ಬೆಳಿಗ್ಗೆ ಮಹಡಿಯ ಮೇಲೆ ಬಿಸಿಲಿಗೆ ಕೂರುತ್ತೇನೆ. ಮೊಟ್ಟೆ, ಸೊಪ್ಪು, ಮೊಸರು. ಇವತ್ತು ಮೂಗು ಹಿಡಿದುಕೊಂಡು ಒಂದು ಲೋಟ ಹಾಲು ಕುಡಿದೆ! ಮಗು ಒದ್ದಿತು. ಹಾಲು ಅದಕ್ಕೆ ಇಷ್ಟ, ನನ್ನ ಹಾಗಲ್ಲ. ಇವರಿಗೂ ಎಲ್ಲ ಹೇಳಿದೆ. ಒಂದು ದಿನವಿಡೀ ಮುಖ ಊದಿಸಿಕೊಂಡಿದ್ದರು, ಈಗ ಸರಿಹೋಗಿದ್ದಾರೆ.

ಅತ್ತೆ ಆಟ ಬೇಡವೆಂದೇ ಕೂತಿದ್ದರು. ಮೀಸೆಗೆ ಇನ್ನೂ ಹೇಳಬೇಡಿ ಎಂದು ಅವರನ್ನು ತಡೆದು, ನಾನು ಡಾಕ್ಟರಮ್ಮನ ಬೆನ್ನು ಬಿಡಲಿಲ್ಲ. ಮತ್ತೆ ರಕ್ತ ನೋಡಿ, ಈಗ ಪರವಾಗಿಲ್ಲ ಎಂದ ಮೇಲೆ ಒಪ್ಪಿದರು. ಕೂತೇ ಆಡಿಸಬೇಕು, ಇಲಾಸ್ಟಿಕ್ ಕೂಡದು, ಏದುಸಿರಂತೂ ಕೂಡಲೇ ಕೂಡದು. ಅತ್ತೆ ಆಗಲೇ ಕತ್ತರಿ ತಂದು ಇಲಾಸ್ಟಿಕ್ ಕತ್ತರಿಸಿ ಬೀದಿಗೆ ಎಸೆದರು.

"ಸಾಯೋ ದೃಶ್ಯದಲ್ಲಿ ಸುಮ್ನೆ ತಲೆ ಬಗ್ಗಿಸಿಬಿಡು. ಬಸ್ಸಲ್ಲಿ ತೂಕಡಿಸ್ಲಿ, ಏನೀಗ?"

ಆಗಲಿ ಎಂದೆ. ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ.

ಮಾರ್ಚ್ ೨೩

ಆಟ ಆಯಿತು. ಮೀಸೆ ಇನ್ನೂ ಏನೂ ಹೇಳಿಲ್ಲ, ಕರೆಯುತ್ತಾರೋ ಇಲ್ಲವೋ ದೇವರಿಗೇ ಗೊತ್ತು. ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ರಂಗಮಂದಿರ ಕಿಕ್ಕಿರಿದಿತ್ತು. ಆಟಕ್ಕೆ ಮುಂಚೆ ಮೀಸೆ ಗೂಡಿನೊಳಗೆ ತಲೆ ತೂರಿಸಿ, "ಅದೇ ಸಾವು ತಾನೇ?" ಎಂದರು. ಅತ್ತೆ "ನೋಡೋಣ" ಎಂದು ಪರದೆ ಎಳೆದರು. ನಾನು ಸ್ಟೂಲಿನ ಮೇಲೆ, ಅತ್ತೆ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವ ಹಾಗೆ. ದೊರೆ ಗರ್ಜಿಸಿದ, ಮಂತ್ರಿಯನ್ನು ಬೈದ, ಜನ ಬಿದ್ದುಬಿದ್ದು ನಕ್ಕರು. ನನ್ನ ಕೈ ಹೂವಿನಷ್ಟು ಹಗುರವಾಗಿತ್ತು.

ಕೊನೆಯ ದೃಶ್ಯ ಬಂತು. ಇವರು ದೀಪ ಇಳಿಸಿದರು. ದೊರೆಯ ಕೊನೆಯ ಮಾತು ಮುಗಿಯಿತು. ಆ ಮೌನ ಇದೆಯಲ್ಲ, ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದು ಕಾಯುವ ಮೌನ, ಅದು ನನಗೆ ಹಿಡಿಸಿದಷ್ಟು ಇನ್ನೇನೂ ಹಿಡಿಸಿಲ್ಲ. ನನಗೇ ತಿಳಿಯದೆ ಉಸಿರು ಜೋರಾಯಿತು. ಇನ್ನೂ ಜೋರಾಯಿತು. ತುಟಿಯ ಸುತ್ತ ಒಂದು ಇರುವೆ ಹರಿಯಿತು. ಬೆರಳ ತುದಿ ಜುಮ್ಮೆಂದಿತು. ಇನ್ನು ಸ್ವಲ್ಪ, ಇನ್ನೊಂದೇ ಸ್ವಲ್ಪ ಬಿಟ್ಟರೆ ಬಂದೇ ಬಿಡುತ್ತದೆ. ಬಂದರೆ ಇಡೀ ರಂಗಮಂದಿರ ಎದ್ದು ನಿಲ್ಲುತ್ತದೆ. ಅದು ನನಗೊಬ್ಬಳಿಗೇ ಗೊತ್ತಿತ್ತು.

ಬಾಯಿ ಮುಚ್ಚಿದೆ. ಎಡಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮೂಗಿನಲ್ಲಿ ನಿಧಾನವಾಗಿ ಉಸಿರು ಬಿಟ್ಟೆ. ಜುಮುಜುಮು ಇಳಿಯಿತು. ದೊರೆ ಸಿಂಹಾಸನದ ಮೇಲೆ ನೆಟ್ಟಗೆ ಕೂತೇ ಇದ್ದ. ತಲೆ ಬಗ್ಗಿಸುವುದೂ ಮರೆತುಹೋಗಿತ್ತು ನನಗೆ. ಜನ ಪಿಸುಗುಡತೊಡಗಿದರು. ಹಿಂದಿನಿಂದ ಯಾರೋ ಕೆಮ್ಮಿದರು. ಕೆಟ್ಟೆನಪ್ಪಾ ಎಂದುಕೊಂಡು ಅತ್ತೆಯ ಕಡೆ ನೋಡಿದೆ. ಅವರು ದೊರೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ!

ಆಮೇಲೆ ದೊರೆ ಗುಡುಗಿದ.

"ಏನ್ರೋ ಹಾಗ್ ನೋಡ್ತಿದ್ದೀರಾ? ನಾನು ಸಾಯ್ಲಿ ಅಂತ ಕಾಯ್ತಿದ್ದೀರಾ? ಸಾಯಲ್ಲ ಹೋಗ್ರೋ! ಮೊಮ್ಮಗು ಬರೋ ಹೊತ್ತಲ್ಲಿ ಯಾವ ಮುಟ್ಠಾಳ ಸಾಯ್ತಾನೆ?"

ನನ್ನ ಕೈ ತಾನಾಗಿ ದೊರೆಯ ಎರಡೂ ಕೈಗಳನ್ನು ಮೇಲೆತ್ತಿತು. ಅವನು ಸಿಂಹಾಸನ ಬಿಟ್ಟು ಇಳಿದ, ಕುಣಿದ, ಸುತ್ತು ಹಾಕಿದ! ರಂಗಮಂದಿರ ಗೊಳ್ಳೆಂದಿತು. ಇವರು ದೀಪಗಳನ್ನೆಲ್ಲ ಒಟ್ಟಿಗೆ ಹಾಕಿಬಿಟ್ಟರು. ಮುಂದಿನ ಸಾಲಿನಿಂದ ಯಾರೋ ಹೆಂಗಸು ಕೂಗಿ ಕೇಳಿದಳು, "ಗಂಡು ಬೇಕೋ ಹೆಣ್ಣು ಬೇಕೋ ದೊರೆಯೇ?"

"ಯಾವುದಾದ್ರೆ ನಂಗೇನಮ್ಮ! ಎಲುಬು ಗಟ್ಟಿಯಾಗಿ ಬರ್ಲಿ, ಬಂದು ನನ್ನ ಮೀಸೆ ಎಳೀಲಿ!" ಎಂದ ದೊರೆ. ಜನ ಮತ್ತೆ ನಕ್ಕರು. ನಗು ಇಳಿಯುವ ಮೊದಲೇ ಇನ್ನೊಂದು ಮಾತು ಬಂತು. "ಅದರಮ್ಮ ಚೆನ್ನಾಗಿರ್ಲಿ. ನಂಗೆ ಅಷ್ಟೇ ಸಾಕು. ಆಟ ಹೋದ್ರೆ ಹೋಗ್ಲಿ."

ಇಷ್ಟು ವರ್ಷ ಅದೇ ಗೂಡಿನಲ್ಲಿ ನಿಂತು ದೊರೆಯ ದನಿ, ಮಂತ್ರಿಯ ದನಿ, ನಾಯಿಯ ದನಿ, ಎಲ್ಲವನ್ನೂ ಕೇಳಿದ್ದೇನೆ. ಆ ಮಾತು ಅವುಗಳಲ್ಲಿ ಯಾವುದರದ್ದೂ ಆಗಿರಲಿಲ್ಲ. ದನಿ ಬದಲಾಯಿಸುವುದನ್ನೇ ಅತ್ತೆ ಮರೆತಿದ್ದರು.